ಒಂದು ಉಡುಪು, ಎಷ್ಟು ಬಾರಿ?

ಬಟ್ಟೆ ಕೊಳ್ಳುವಾಗ ನಾವೆಲ್ಲರೂ ಚೀಟಿಯ ಮೇಲಿನ ಬೆಲೆ ನೋಡುತ್ತೇವೆ. ಕೊಂಡ ಮೇಲೆ ಅದನ್ನು ಎಷ್ಟು ಬಾರಿ ತೊಟ್ಟೆವು ಎಂದು ಲೆಕ್ಕ ಇಡುವವರು ವಿರಳ. ಆದರೆ ಉಡುಪು ಅಗ್ಗವೋ ದುಬಾರಿಯೋ ಎಂದು ತಿಳಿಯುವುದು ಈ ಎರಡನೆಯ ಲೆಕ್ಕದಿಂದಲೇ.

ಕೊಂಡ ಬೆಲೆಗೆ ಹೊಲಿಗೆಯ ಕೂಲಿ, ಡ್ರೈಕ್ಲೀನಿಂಗ್ ಖರ್ಚು ಕೂಡಿಸಿ, ತೊಟ್ಟ ಸಲಗಳಿಂದ ಭಾಗಿಸಬೇಕು. ರೂ. 700ರ ಹತ್ತಿಯ ಅಂಗಿಯನ್ನು 100 ಸಲ ತೊಟ್ಟರೆ ಒಂದು ಸಲಕ್ಕೆ ಬೀಳುವುದು ರೂ. 7. ಮದುವೆಗೆಂದು ರೂ. 12,000 ತೆತ್ತು ಹೊಲಿಸಿದ ಸೂಟನ್ನು ಮೂರೇ ಸಲ ತೊಟ್ಟು, ಪ್ರತಿ ಸಲ ರೂ. 300 ಕೊಟ್ಟು ಒಗೆಸಿದರೆ ಒಂದು ಸಲಕ್ಕೆ ರೂ. 4,300! ಅರ್ಧ ಬೆಲೆಗೆ ಸಿಕ್ಕಿತೆಂದು ನಾವೂ ಒಂದು ಅಂಗಿ ಕೊಂಡಿದ್ದೇವೆ. ಎರಡು ವರ್ಷಗಳಲ್ಲಿ ಅದು ಕಪಾಟಿನಿಂದ ಹೊರಬಂದದ್ದು ಒಮ್ಮೆ ಮಾತ್ರ.

ಲೆಕ್ಕ ಇಡಲು ಕಪಾಟಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿ, ತೊಟ್ಟಾಗಲೆಲ್ಲ ಗೀಟು ಎಳೆದರೆ ಸಾಕು. ಬರೆಯಲು ಬೇಸರವಾದವರು ಹ್ಯಾಂಗರುಗಳನ್ನೆಲ್ಲ ತಿರುಗಿಸಿ ತೂಗುಹಾಕಿ, ತೊಟ್ಟ ಬಟ್ಟೆಯದನ್ನು ಮಾತ್ರ ಸರಿಯಾಗಿ ಹಾಕಬಹುದು. ವರ್ಷದ ಕೊನೆಗೆ ತಿರುಗಿಯೇ ಉಳಿದವು ಕಣ್ಣಿಗೆ ಬೀಳುತ್ತವೆ. ನಮ್ಮ ಕರಾವಳಿಯಲ್ಲಿ ಒಂದು ಮಾತು ನೆನಪಿರಲಿ: ಮಳೆಗಾಲದಲ್ಲಿ ಒಗೆದದ್ದು ಎರಡು ದಿನವಾದರೂ ಒಣಗದು. ಆದ್ದರಿಂದ ನಾಲ್ಕು ಜೊತೆ ಹೆಚ್ಚು ಇಟ್ಟುಕೊಳ್ಳುವುದು ದುಂದುಗಾರಿಕೆಯಲ್ಲ. ತೊಡದೆ ಮಡಚಿಟ್ಟ ರೇಷ್ಮೆಗೆ ಬೂಷ್ಟು ಹಿಡಿಯುವುದೂ ಇದೇ ಮಳೆಯಲ್ಲಿ.

ಇದು ಕೇವಲ ಮನೆಯ ಹಣದ ಪ್ರಶ್ನೆಯಲ್ಲ. ಒಂದು ಹತ್ತಿಯ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ವ್ಯಯವಾಗುತ್ತದೆಂದು ಅಂದಾಜು. ಬಟ್ಟೆಯೊಂದನ್ನು ಎಸೆಯುವ ಮೊದಲು ತೊಡುವ ಸಲಗಳು ಜಗತ್ತಿನಲ್ಲಿ 15 ವರ್ಷಗಳಲ್ಲಿ ಶೇ. 36ರಷ್ಟು ಇಳಿದಿವೆ ಎಂದು ಬ್ರಿಟನ್ನಿನ ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಶನ್ 2017ರ ವರದಿಯಲ್ಲಿ ತಿಳಿಸಿತ್ತು.

ಎಲ್ಲವನ್ನೂ ಭಾಗಾಕಾರದಿಂದ ಅಳೆಯಲಾಗದು, ನಿಜ. ಅಜ್ಜಿಯ ಮದುವೆಯ ಕೆಂಪು ಸಾಡೊ ಪೆಟ್ಟಿಗೆಯಲ್ಲಿದ್ದರೆ ಅದರ ಲೆಕ್ಕ ಕೇಳುವವರು ಯಾರು? ನಮಗೆ ಚಿಂತೆಯಾಗುವುದು ಪ್ರಥಮ ಪರಮಪ್ರಸಾದದ ಬಿಳಿ ಉಡುಪಿನದ್ದು. ಮಗು ಬೆಳೆಯುತ್ತದೆ, ಉಡುಪು ಬೆಳೆಯುವುದಿಲ್ಲ. ರೂ. 3,000 ಕೊಟ್ಟರೂ ತೊಡುವುದು ಒಂದೇ ಬೆಳಿಗ್ಗೆ. ಪಕ್ಕದ ಮನೆಯ ಮಗುವಿಗಿಂತ ತಮ್ಮ ಮಗು ಕಡಿಮೆಯಾಗಿ ಕಾಣಬಾರದೆಂದು ದಿನಗೂಲಿಯ ತಂದೆ ಸಾಲ ಮಾಡುತ್ತಾನೆ. ಸಾಲ ಮಾಡಿದ್ದನ್ನು ನಮ್ಮಲ್ಲಿ ಹೇಳಿಕೊಳ್ಳುವುದೂ ಇಲ್ಲ.

ಧರ್ಮಕೇಂದ್ರವೇ ಸರಳವಾದ ಬಿಳಿ ನಿಲುವಂಗಿಗಳನ್ನು ಹೊಲಿಸಿಟ್ಟು, ಎಲ್ಲ ಮಕ್ಕಳಿಗೂ ಅದನ್ನೇ ಕೊಟ್ಟರೆ? ಒಂದಕ್ಕೆ ರೂ. 800 ಆದರೂ ಹತ್ತು ವರ್ಷ ಬಾಳಿದರೆ ಮಗುವೊಂದಕ್ಕೆ ಬೀಳುವುದು ವರ್ಷಕ್ಕೆ ರೂ. 80, ಒಗೆಯುವ ಖರ್ಚು ಬೇರೆ. ಉಳ್ಳವರ ಮಗುವಿಗೂ ಅದೇ, ಇಲ್ಲದವರ ಮಗುವಿಗೂ ಅದೇ. ಹೊಲಿಗೆ ಬಲ್ಲ ಮಹಿಳೆಯರು ಪ್ರತಿ ವಾಳೆಯಲ್ಲೂ ಇದ್ದಾರೆ. ಮೂರು ಅಳತೆಯಲ್ಲಿ ಹೊಲಿದು, ಕೆಳ ಅಂಚಿನಲ್ಲಿ ಮೂರು ಇಂಚು ಮಡಿಕೆ ಬಿಟ್ಟರೆ ಎತ್ತರದ ಮಗುವಿಗೆ ಬಿಚ್ಚಿ ಉದ್ದ ಮಾಡಿಕೊಡಬಹುದು. ಮುಂದಿನ ಪಾಲನಾ ಮಂಡಳಿಯ ಸಭೆಯಲ್ಲಿ ಯಾರಾದರೂ ಈ ಮಾತೆತ್ತುವಿರಾ?