ದೂರದ ಮಿಂಚೇ ಚೆಂದ!

ಕೌದಳ್ಳಿ: ಮಾದಪ್ಪನ ಬೆಟ್ಟದ ಕಡೆ ಮೋಡ ಕಟ್ಟಿ ನಾಲ್ಕು ಮಿಂಚು ಹೊಳೆದರೆ ಸಾಕು, ಬಸ್ಸಿಗೆ ಕಾಯುವವರ ಜೇಬಿನಿಂದ ಮೊಬೈಲು ಹೊರಗೆ! ಮಿಂಚು ಸಿಕ್ಕಿದರೆ ಊರಿಗೆಲ್ಲ ಕಳಿಸೋದು. ಸಿಗದಿದ್ದರೆ ಬಯಲಿಗೆ ಇನ್ನೂ ನಾಲ್ಕು ಹೆಜ್ಜೆ ಹೋಗೋದು. ಅಪಾಯ ಇರುವುದು ಆ ನಾಲ್ಕು ಹೆಜ್ಜೆಯಲ್ಲೇ.

ತಮಾಷೆ ಏನಪ್ಪಾ ಅಂದರೆ, ಅಪರೂಪದ ಮಿಂಚು ಹತ್ತಿರ ಹೋದವನಿಗೆ ಕಾಣುವುದೇ ಇಲ್ಲ. ಅದು ಇರುವುದು ಮೋಡದ ಕೆಳಗಲ್ಲ, ಮೇಲೆ.

ಮೇಲಕ್ಕೂ ಮಿಂಚೇ?

‘ಮಿಂಚು ಕೆಳಕ್ಕೆ ಬತ್ತದೆ ಸರಿ, ಮೇಲಕ್ಕೂ ಹೋಯ್ತದಾ?’ ಎಂದು ಕೇಳುವವರಿದ್ದಾರೆ. ಹೋಗುತ್ತದೆ! ಭಾರಿ ಸಿಡಿಲೊಂದು ನೆಲಕ್ಕೆ ಬಡಿದ ಬೆನ್ನಿಗೇ, ಕೆಲವು ಸಲ ಮೋಡಕ್ಕಿಂತ ಎಷ್ಟೋ ಮೇಲೆ, ನೆಲದಿಂದ 50ರಿಂದ 90 ಕಿ.ಮೀ. ಎತ್ತರದಲ್ಲಿ ಕೆಂಪು ಬೆಳಕು ಬೇರು ಬಿಟ್ಟಂತೆ ಹರಡಿ ಮಾಯವಾಗುತ್ತದೆ. ಕೆಂಪು ಬಣ್ಣ ಗಾಳಿಯಲ್ಲಿರುವ ಸಾರಜನಕದ್ದು. ಇದರ ಹೆಸರು ‘ಸ್ಪ್ರೈಟ್’. ಅಂಗಡಿಯಲ್ಲಿ ತಣ್ಣಗೆ ಮಾರುವ ಸ್ಪ್ರೈಟ್ ಬೇರೆ, ಇದು ಬೇರೆ!

ಇಂಥದ್ದು ಆಗಬಹುದೆಂದು ಸಿ.ಟಿ.ಆರ್. ವಿಲ್ಸನ್ ಎಂಬ ವಿಜ್ಞಾನಿ 1920ರ ದಶಕದಲ್ಲೇ ಹೇಳಿದ್ದರು. ಕಂಡೆವೆಂದ ವಿಮಾನ ಚಾಲಕರ ಮಾತನ್ನು ಮಾತ್ರ ಬಹಳ ಕಾಲ ಯಾರೂ ನಂಬಲಿಲ್ಲ. 1989ರ ಜುಲೈನಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಜಾನ್ ವಿಂಕ್ಲರ್ ತಂಡ ಬೇರೆ ಕೆಲಸಕ್ಕೆ ಕ್ಯಾಮೆರಾ ಪರೀಕ್ಷೆ ಮಾಡುತ್ತಿದ್ದಾಗ ಅಚಾನಕ್ಕಾಗಿ ಚಿತ್ರ ಬಿತ್ತು. ಅಂದಿಗೆ ವಾದ ಮುಗಿಯಿತು.

ನಮ್ಮ ಪಕ್ಕದ ಕಡಲ ಮೇಲೆ

ಇನ್ನೊಂದು ಜಾತಿ ನೀಲಿಯದು. ಮೋಡದ ನೆತ್ತಿಯಿಂದಲೇ ಕಾರಂಜಿಯಂತೆ ಮೇಲಕ್ಕೆ ಚಿಮ್ಮುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ಡೆನ್ಮಾರ್ಕಿನ ಗಗನಯಾತ್ರಿ ಆಂಡ್ರಿಯಾಸ್ ಮೊಗೆನ್‌ಸೆನ್ ಬಾಹ್ಯಾಕಾಶ ನಿಲ್ದಾಣದಿಂದ ಇದನ್ನು ಹಿಡಿದದ್ದು ಬೇರೆಲ್ಲೂ ಅಲ್ಲ, ನಮ್ಮ ಬಂಗಾಳ ಕೊಲ್ಲಿಯ ಮೇಲೆ! ಬರೀ 160 ಸೆಕೆಂಡಿನ ಚಿತ್ರದಲ್ಲಿ 245 ನೀಲಿ ಹೊಳಪು ಎಣಿಸಿದರು.

ಕೌದಳ್ಳಿಯಿಂದ ನೋಡುವ ಬಗೆ

ಕೌದಳ್ಳಿಯಿಂದ ಪುದುಚೇರಿ ಕರಾವಳಿಗೆ ನೇರ ಗೆರೆ ಎಳೆದರೆ ಸುಮಾರು 260 ಕಿ.ಮೀ. ದೀಪಾವಳಿ ಆಸುಪಾಸಿನ ಹಿಂಗಾರಿನಲ್ಲಿ ಅಲ್ಲಿ ಗುಡುಗುಮಳೆ ಇದ್ದು, ಇಲ್ಲಿ ಆಕಾಶ ತಿಳಿಯಾಗಿದ್ದರೆ, ಅದೇ ಸಮಯ. ಕೈ ನೀಡಿ ಮುಷ್ಟಿ ಕಟ್ಟಿ ಹಿಡಿಯಿರಿ. ಪೂರ್ವದ ಬಾನಂಚಿನಿಂದ ಒಂದೂವರೆ ಮುಷ್ಟಿ ಎತ್ತರಕ್ಕೆ ಕಣ್ಣಿಡಬೇಕು. ಬೆಟ್ಟದ ಮರೆ ಇರಬಾರದು, ಬೆಳದಿಂಗಳೂ ಇರಬಾರದು.

ಸ್ಪ್ರೈಟ್ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಮೊಬೈಲಿಗೆ ಸಿಗುವುದು ಕಷ್ಟ. ಮಂದ ಬೆಳಕಿನಲ್ಲೂ ತೆಗೆಯಬಲ್ಲ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಕಟ್ಟಿ ವಿಡಿಯೋ ಓಡಿಸಿಟ್ಟು, ಆಮೇಲೆ ಒಂದೊಂದೇ ಚಿತ್ರ ಸರಿಸಿ ಹುಡುಕಬೇಕು. ಹತ್ತು ರಾತ್ರಿ ಬರಿಗೈ ಆದರೂ ಬೇಸರಪಡಬಾರದು. ಹಾಗೆಂದು ಕತ್ತಲೆ ಹುಡುಕಿ ಕಾಡಂಚಿಗೆ ಹೋಗುವುದು ಬೇಡ. ಸುತ್ತ ಇರುವುದು ಆನೆ ಓಡಾಡುವ ಕಾಡು. ಮನೆ ಮಾಳಿಗೆಯೇ ಸಾಕು.

ಗುಡುಗು ಕೇಳಿತೋ, ಒಳಗೆ!

ನೆನಪಿಡಲು ಸೂತ್ರ ಒಂದೇ. ಮಿಂಚು ಕಂಡು ಗುಡುಗು ಕೇಳದಿದ್ದರೆ ಅದು ನೋಡುವ ಮಿಂಚು. ಗುಡುಗು ಕೇಳಿಸಿದರೆ ಅದು ಕೊಲ್ಲುವ ಮಿಂಚು. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿ.ಮೀ. ಲೆಕ್ಕ. ಮೂವತ್ತು ಎಣಿಸಿದರೂ ಹತ್ತೇ ಕಿ.ಮೀ.; ಅಷ್ಟು ದೂರದ ಮೋಡದ ಸಿಡಿಲು ನಿಂತ ಜಾಗಕ್ಕೇ ಬೀಳಬಹುದು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಳೆಯದೆ ಹೊರಗೆ ಬರಬೇಡಿ. ಪುಣೆಯ ಹವಾಮಾನ ವಿಜ್ಞಾನಿಗಳು ತಯಾರಿಸಿದ ‘ದಾಮಿನಿ’ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಸೂಚನೆ ಕೊಡುತ್ತದೆ. ಮೊಬೈಲು ಹೊರತೆಗೆಯುವುದಿದ್ದರೆ ಮೊದಲು ಅದಕ್ಕೆ ತೆಗೆಯಿರಿ.

ಒಂಟಿ ಮರದ ಬುಡ ಬೇಡ, ತಗಡಿನ ಚಪ್ಪರವೂ ಬೇಡ. ಕಿಟಕಿ ಮುಚ್ಚಿದ ಬಸ್ಸಿನೊಳಗೆ ಕೂತವರಿಗೆ ಭಯ ಕಡಿಮೆ. ಅಂಗಡಿಯವರಿಗೂ ಒಂದು ಮಾತು: ಸಿಡಿಲು ಹೊತ್ತಿನಲ್ಲಿ ನಿಮ್ಮ ಸೂರಿನಂಚಿಗೆ ಬಂದು ನಿಂತವರನ್ನು, ವ್ಯಾಪಾರ ಆಗಲಿ ಬಿಡಲಿ, ಗೋಡೆಯ ಒಳಕ್ಕೆ ಕರೆಯಿರಿ.