ತೋಟ ಕಾಯುವ ಕೋವಿ

ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಅಡಕೆ ತೋಟವುಳ್ಳ ಗೃಹಸ್ಥನಿಗೆ ಮಂಗ, ಹಂದಿಗಳ ಕಾಟವನ್ನು ಬಣ್ಣಿಸಬೇಕಾದುದಿಲ್ಲ. ಬೆಳೆ ರಕ್ಷಣೆಗೆ ಎಂತಹ ಕೋವಿ ಯುಕ್ತವೆಂಬುದಷ್ಟೇ ಇಲ್ಲಿ ನಮ್ಮ ವಿಚಾರ.

ತರುಣರಿಗೆ ರೈಫಲ್ಲಿನ ಮೋಹವುಂಟು. ಅದು ನಮ್ಮ ತೋಟಗಳಿಗೆ ಒಗ್ಗುವ ವಸ್ತುವಲ್ಲ. ಅತಿ ಸಣ್ಣದೆನಿಸುವ .22 ತೋಟೆಯ ಗುಂಡು ಕೂಡ ಒಂದೂವರೆ ಕಿಲೋಮೀಟರು ಹಾರಬಲ್ಲುದು. ನಮ್ಮಲ್ಲಿಯೋ ಬೇಲಿಯಾಚೆಯೇ ಇನ್ನೊಬ್ಬರ ಅಂಗಳ. ಮರದ ತುದಿಗೆ ಹೊಡೆದ ಗುಂಡು ಎಲ್ಲಿ ಇಳಿಯುವುದೆಂದು ಬಲ್ಲವರಾರು? 1959ರ ಶಸ್ತ್ರ ಕಾಯಿದೆಯೂ ಬೆಳೆ ರಕ್ಷಣೆಗೆ ಹೇಳಿರುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿಯನ್ನು.

ಮದ್ದು ತುಂಬುವ ಕೇಪಿನ ಕೋವಿ ಅಗ್ಗವೇ ಸರಿ. ಆದರೆ ಮಳೆಗಾಲದ ತೇವಕ್ಕೆ ಮದ್ದು ಕೈಕೊಡುವುದು. ಒಮ್ಮೆ ತುಂಬಿದ ಈಡನ್ನು ತೆಗೆಯುವುದು ಸುಲಭವಲ್ಲವಾಗಿ, ಕೋವಿ ತುಂಬಿದಂತೆಯೇ ಗೋಡೆಯಲ್ಲಿ ತೂಗುತ್ತಿರುವುದು. ಮಕ್ಕಳಿರುವ ಮನೆಗೆ ಇದು ಸಲ್ಲದೆಂದೇ ನಮ್ಮ ಅಭಿಪ್ರಾಯ. 12 ಬೋರಿನ ಒಂಟಿನಳಿಗೆಯ ತೋಟೆಕೋವಿಯಾದರೆ ನಳಿಗೆಯನ್ನು ಬಾಗಿಸಿ ತೆರೆದು ತೋಟೆಯನ್ನು ಹೊರತೆಗೆಯಬಹುದು. ಅದನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಚರೆಯ ಬಲವೂ ಸುಮಾರು 40 ಗಜಗಳಾಚೆ ಬೇಗನೆ ಕುಂದುವುದು.

ಕೋವಿಯ ಪರವಾನಗಿಯು ಕೊಲ್ಲುವ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮಂಗ, ಹಂದಿ, ನವಿಲುಗಳಿಗೆ ರಕ್ಷಣೆ ಕೊಟ್ಟಿದೆ. ತೋಟದಲ್ಲಿ ಕೋವಿಯ ಕೆಲಸ ಬಹುಪಾಲು ಸದ್ದಿನದೇ, ಸದ್ದಿಗೆ ರೈಫಲ್ಲೇಕೆ?

ಚುನಾವಣೆ ಬಂದಾಗ ಕೋವಿಯನ್ನು ಠೇವಣಿಯಿಡಲು ಆಜ್ಞೆಯಾಗುವುದುಂಟು. ವಿನಾಯಿತಿಗೆ ಮುಂಚಿತವಾಗಿ ಅರ್ಜಿ ಕೊಡುವುದು ಲೇಸು. ಇಲ್ಲವಾದರೆ ಆ ವಾರಗಳಲ್ಲಿ ತಗಡಿನ ಡಬ್ಬವೇ ಗತಿ.