ಈ ವಾರ ನಮ್ಮ ಮಕ್ಕಳ ಪಾಠ: ಗುಣಿಂತವೂ ಕಾಗುಣಿತವೂ

ಕಳೆದ ಭಾನುವಾರ ವಾಚನಾಲಯದಲ್ಲಿ ಪತ್ರಿಕೆ ಓದುತ್ತಿದ್ದ ಮಿತ್ರರೊಬ್ಬರು ತಮ್ಮ ಚಿಂತೆಯನ್ನು ತೋಡಿಕೊಂಡರು. ಅವರ ಮಗಳು ಎರಡನೆಯ ತರಗತಿ. “ಅವಳದು ತೆಲುಗು ಪುಸ್ತಕ ಸ್ವಾಮಿ. ನನಗೆ ತೆಲುಗಿನ ಮಾತು ಬರುತ್ತದೆ, ಅಕ್ಷರ ಬಾರದು. ನಾನು ಪಾಠ ಹೇಳಿಕೊಡುವುದು ಹೇಗೆ? ಇತ್ತ ಊರಿನಿಂದ ಅಜ್ಜಿ ಎರಡು ಸಾಲು ಬರೆದು ಕಳಿಸಿದರೆ ಅವಳಿಗೆ ಓದಲು ಬಾರದು” ಎಂದರು. ಗಾಜುವಾಕದ ಎಷ್ಟೋ ಕನ್ನಡ ಮನೆಗಳ ಕಥೆ ಇದೇ. ಆದುದರಿಂದ ಮಕ್ಕಳು ಈ ವಾರ ತರಗತಿಯಲ್ಲಿ ಕಲಿಯುತ್ತಿರುವುದೇನೆಂಬುದನ್ನು ಕೊಂಚ ನೋಡೋಣ.

ಚಿಕ್ಕ ತರಗತಿಗಳಲ್ಲಿ ಈಗ ನಡೆಯುತ್ತಿರುವುದು ‘ಗುಣಿಂತಾಲು’. ಹೆಸರು ಕೇಳಿ ಹೆದರಬೇಕಾಗಿಲ್ಲ. ಅದು ನಮ್ಮ ಕಾಗುಣಿತವೇ. ನಾವು ತಲಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ ಎಂದು ಹೇಳಿದ್ದನ್ನು ಮಕ್ಕಳು ತಲಕಟ್ಟು, ದೀರ್ಘಂ, ಗುಡಿ, ಕೊಮ್ಮು, ಏತ್ವಂ ಎಂದು ಹೇಳುತ್ತಾರೆ. ನಮ್ಮ ಒತ್ತಕ್ಷರ ಅವರಿಗೆ ‘ಒತ್ತು’; ನಮ್ಮ ಮಗ್ಗಿ ಅವರಿಗೆ ‘ಎಕ್ಕಂ’.

ಈ ಹೋಲಿಕೆ ಆಕಸ್ಮಿಕವಲ್ಲ. ಎರಡು ಲಿಪಿಗಳೂ ಒಂದೇ ಬೇರಿನವು. ಕದಂಬ, ಚಾಲುಕ್ಯ ಅರಸರ ಶಾಸನಗಳಿಂದ ಬೆಳೆದುಬಂದ ಅಕ್ಷರವನ್ನು ಪಂಡಿತರು ತೆಲುಗು-ಕನ್ನಡ ಲಿಪಿಯೆಂದೇ ಕರೆಯುತ್ತಾರೆ. ಸುಮಾರು 13ನೆಯ ಶತಮಾನದಿಂದೀಚೆಗೆ ಅದು ಕವಲೊಡೆಯಿತು. 19ನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳು ಬಂದ ಮೇಲೆ ಬೇರ್ಪಾಡು ಗಟ್ಟಿಯಾಯಿತು.

ಹಾಗಾದರೆ ಭೇದವೆಲ್ಲಿದೆ? ಮೊದಲನೆಯದು ತಲಕಟ್ಟಿನಲ್ಲಿ. ನಮ್ಮದು ಅಡ್ಡಗೆರೆಯಂತೆ ಮಲಗಿ ತುದಿಯಲ್ಲಿ ಬಾಗಿದೆ; ತೆಲುಗಿನದು ಲೆಕ್ಕದ ಪುಸ್ತಕದಲ್ಲಿ ‘ಸರಿ’ ಎಂದು ಹಾಕುವ ಗುರುತಿನಂತಿದೆ. ಇಷ್ಟು ತಿಳಿದರೆ ಗ, ದ, ನ, ರ ಮುಂತಾದುವನ್ನು ತಾವೇ ಗುರುತಿಸುವಿರಿ. ಕ, ತ, ಶ ಮುಂತಾದ ಕೆಲವನ್ನು ಬೇರೆಯಾಗಿ ಕಲಿಯಬೇಕು.

ಎರಡನೆಯದು ದೀರ್ಘ. ಕೀ, ಕೇ, ಕೋ ಎಂಬಲ್ಲಿ ನಾವು ದೀರ್ಘದ ಗುರುತನ್ನು ಅಕ್ಷರದ ಬಲಕ್ಕೆ ಇಡುತ್ತೇವೆ. ತೆಲುಗಿನಲ್ಲಿ ಅದು ತಲೆಯ ಮೇಲೆಯೇ ಸೇರಿಕೊಳ್ಳುತ್ತದೆ.

ಮೂರನೆಯದು ಅರ್ಕಾವತ್ತು. ‘ಸೂರ್ಯ’ ಎಂಬಲ್ಲಿ ನಾವು ಯ ಬರೆದು ಅದರ ಮುಂದೆ ಅರ್ಕಾವತ್ತು ಹಾಕುತ್ತೇವೆ. ಇಂದಿನ ತೆಲುಗಿನಲ್ಲಿ ರ ಬರೆದು ಕೆಳಗೆ ಯ ಒತ್ತು ಕೊಡುತ್ತಾರೆ. ಮಗು ಕನ್ನಡದಲ್ಲಿಯೂ ಹಾಗೆಯೇ ಬರೆದರೆ ಗದರಬೇಡಿ. ಅದು ದಡ್ಡತನವಲ್ಲ, ಶಾಲೆಯ ಪಾಠವನ್ನು ಚೆನ್ನಾಗಿ ಕಲಿತದ್ದರ ಗುರುತು.

ಪದಗಳಲ್ಲಿಯೂ ಒಂದು ಕೀಲಿಕೈ ಇದೆ. ಹಳಗನ್ನಡದ ಪಕಾರ ಅನೇಕ ಪದಗಳಲ್ಲಿ ಹೊಸಗನ್ನಡದ ಹಕಾರವಾಯಿತು. ತೆಲುಗಿನಲ್ಲಿ ಪಕಾರ ಉಳಿಯಿತು. ಮಗು ಓದುವ ಪಾಲು, ಪುಲಿ, ಪುವ್ವು ನಮ್ಮ ಹಾಲು, ಹುಲಿ, ಹೂವು.

ಕನ್ನಡ ಶಾಲೆ ಏಕಿಲ್ಲವೆಂದು ಕೆಲವರು ಕೇಳುತ್ತಾರೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಲು ರಾಜ್ಯಗಳು ಯತ್ನಿಸಬೇಕೆಂಬ 350ಎ ವಿಧಿ 1956ರಲ್ಲಿ ಸಂವಿಧಾನಕ್ಕೆ ಸೇರಿತು. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಸಾಧ್ಯವಾದ ಮಟ್ಟಿಗೆ ಬೋಧನೆ ಮಾತೃಭಾಷೆಯಲ್ಲಿರಲಿ ಎನ್ನುತ್ತದೆ. ಕನ್ನಡಿಗರು ಒತ್ತಾಗಿರುವ ಮಡಕಶಿರಾ, ರಾಯದುರ್ಗದಂತಹ ಗಡಿ ಸೀಮೆಯಲ್ಲಿ ಕನ್ನಡ ಶಾಲೆಗಳುಂಟು. ಈ ಕರಾವಳಿಯಲ್ಲಿ ನಾವು ಅಲ್ಲೊಂದು ಇಲ್ಲೊಂದು ಮನೆಯಾಗಿ ಚದುರಿದ್ದೇವೆ. ಇಲ್ಲಿ ಆ ಕೆಲಸ ಮನೆಯ ಪಾಲಿಗೇ ಬಂದಿದೆ.

ಕೆಲಸ ದೊಡ್ಡದಲ್ಲ. ಪಾಳಿ ಮುಗಿಸಿ ಬಂದ ಮೇಲೆ ಕಾಲು ಗಂಟೆ ಸಾಕು. ಆ ದಿನ ಶಾಲೆಯಲ್ಲಿ ಬರೆಸಿದ ಗುಣಿಂತದ ಸಾಲನ್ನು ಮಗು ತೆಲುಗಿನಲ್ಲಿ ಬರೆದು ತೋರಿಸಲಿ. ಅದರ ಪಕ್ಕದಲ್ಲಿ ತಾವು ಅದನ್ನೇ ಕನ್ನಡದಲ್ಲಿ ಬರೆಯಿರಿ. ಬಳಿಕ ಪುಸ್ತಕ ಬದಲಿಸಿ, ಒಬ್ಬರದನ್ನೊಬ್ಬರು ಓದಿರಿ. ಮಗುವಿಗೆ ಕನ್ನಡವೂ ತಮಗೆ ತೆಲುಗೂ ಒಟ್ಟಿಗೆ ಬರುವುವು. ಅಂಗಡಿಯ ಬೋರ್ಡೂ ಬಸ್ಸಿನ ಫಲಕವೂ ತಮಗೆ ಮಾತನಾಡತೊಡಗುವುವು.

ಮೇಲೆ ಹೇಳಿದ ಮಿತ್ರರು ಈ ವಾರವೇ ಆರಂಭಿಸಿದ್ದಾರೆ. ತಮ್ಮ ‘ಕ’ ಸರಿಯಾಗಿಲ್ಲವೆಂದು ಮಗಳು ಎರಡು ಸಲ ಅಳಿಸಿದಳಂತೆ! ಮುಂದಿನ ಹಬ್ಬಕ್ಕೆ ಅಜ್ಜಿಗೆ ಅವಳ ಕೈಯಿಂದಲೇ ಒಂದು ಸಾಲು ಬರೆಸುವುದೆಂದು ಅವರ ನಿಶ್ಚಯ. ಉಳಿದ ಬಂಧುಗಳೂ ಹಾಗೆಯೇ ಮಾಡಲೆಂದು ನಮ್ಮ ಕೋರಿಕೆ.